ಪ್ಲಗಿನ್‌ಗೆ ಬೇಕಾದ ಫೈಲ್ ಇದ್ದರೂ ಸಿಗದೇ ಹೋಗುವುದೇಕೆ?

ಅಪ್ಲಿಕೇಶನ್ ಓಡುತ್ತಿರುವಾಗಲೇ ಪ್ಲಗಿನ್ ಒಂದನ್ನು, ಅಂದರೆ ಅದಕ್ಕೆ ಹೊರಗಿನಿಂದ ಸೇರಿಸುವ ಹೆಚ್ಚುವರಿ ತುಣುಕೊಂದನ್ನು, ಲೋಡ್ ಮಾಡಲು ಹೊರಟಾಗ ಕಾಣಿಸಿಕೊಳ್ಳುವ ದೋಷ ಸಂದೇಶಗಳಲ್ಲಿ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು 'ಫೈಲ್ ಸಿಗಲಿಲ್ಲ' ಎಂಬ ಸಂದೇಶ. ಅದನ್ನು ಓದಿದ ಕೂಡಲೇ ನಾವು ಮೊದಲು ಮಾಡುವುದು ಫೋಲ್ಡರ್ ತೆರೆದು ಆ ಹೆಸರಿನ ಫೈಲ್ ಇದೆಯೇ ಎಂದು ನೋಡುವುದನ್ನು. ಬಹಳಷ್ಟು ಸಲ ಅದು ಅಲ್ಲಿಯೇ ಇರುತ್ತದೆ. ಅಲ್ಲಿಂದ ಮುಂದೆ ಊಹೆಯ ಕೆಲಸ ಶುರುವಾಗುತ್ತದೆ: ಅದೇ ಫೈಲನ್ನು ಮುಖ್ಯ ಅಪ್ಲಿಕೇಶನ್‌ನ ಫೋಲ್ಡರ್‌ಗೂ ಸಿಸ್ಟಮ್ ಫೋಲ್ಡರ್‌ಗೂ ನಕಲು ಮಾಡುವುದು, ಅಂತರ್ಜಾಲದಲ್ಲಿ ಸಿಕ್ಕ ಇನ್ನೊಂದು ಆವೃತ್ತಿಯನ್ನು ತಂದು ಹಾಕುವುದು, ಯಂತ್ರವನ್ನು ಮರುಪ್ರಾರಂಭಿಸುವುದು. ಇವುಗಳಲ್ಲಿ ಯಾವುದೋ ಒಂದು ಕೆಲಸಕ್ಕೆ ಬರುತ್ತದೆ, ಯಾವುದು ಬಂತೆಂದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟ್ ಹಾಕಿದ ದಿನ ಅದೇ ತೊಂದರೆ ಬೇರೊಂದು ಹೆಸರಿನಲ್ಲಿ ಮರಳಿ ಬರುತ್ತದೆ. ಈ ಸಂದೇಶ ಬಂದಾಗ ಕೇಳಬೇಕಾದ ಪ್ರಶ್ನೆ ಬೇರೆ ಎಂದು ನನ್ನ ಅಭಿಪ್ರಾಯ. ಆ ಫೈಲನ್ನು ಕೇಳಿದವರು ಯಾರು, ಅವರ ಪರವಾಗಿ ರನ್‌ಟೈಮ್ (ಪ್ರೋಗ್ರಾಮನ್ನು ಓಡಿಸುವ ವ್ಯವಸ್ಥೆ) ಯಾವ ಯಾವ ಜಾಗಗಳಲ್ಲಿ ಹುಡುಕಿತು, ಸಿಕ್ಕ ಫೈಲ್ ಮತ್ತೆ ಯಾವುದನ್ನು ಕೇಳಿತು ಎಂಬುದು ತಿಳಿಯುವ ತನಕ ಯಾವ ಫೈಲನ್ನೂ ಎಲ್ಲಿಗೂ ನಕಲು ಮಾಡಬಾರದು.

ನಾನು ಶಿರಸಿಯಲ್ಲಿ ಕುಳಿತು ಕೆಲಸ ಮಾಡುವ ತಂತ್ರಾಂಶ ಅಡಿಕೆ, ಕಾಳುಮೆಣಸು ವಹಿವಾಟು ನಡೆಸುವ ಸಹಕಾರಿ ಸಂಘಗಳಿಗೆ ಸಂಬಂಧಿಸಿದ್ದು. ಸದಸ್ಯರ ಖಾತೆ, ಸಾಲ, ಆವಕ, ಟೆಂಡರ್‌ನ ಲೆಕ್ಕ ಇವೆಲ್ಲ ಎಲ್ಲ ಸಂಘಗಳಿಗೂ ಹೆಚ್ಚು ಕಡಿಮೆ ಒಂದೇ. ಬೇರೆಯಾಗುವುದು ಅಂಚಿನಲ್ಲಿ. ಒಂದೊಂದು ವಖಾರಿಯಲ್ಲಿ ಒಂದೊಂದು ಬಗೆಯ ಎಲೆಕ್ಟ್ರಾನಿಕ್ ತೂಕದ ಯಂತ್ರವಿದೆ, ರಸೀದಿಯ ನಮೂನೆ ಬೇರೆ ಬೇರೆಯಾಗಿದೆ, ಕೆಲವರಿಗೆ ಬೆಳೆಗಾರರ ಮೊಬೈಲ್‌ಗೆ ಸಂದೇಶ ಹೋಗಬೇಕು, ಕೆಲವರಿಗೆ ಬೇಡ. ಈ ಕಾರಣಕ್ಕೆ ತೂಕ ಓದುವುದು, ರಸೀದಿ ಮುದ್ರಿಸುವುದು, ಸಂದೇಶ ಕಳಿಸುವುದು ಇವೆಲ್ಲ ಪ್ಲಗಿನ್‌ಗಳಾಗಿವೆ. ಮುಖ್ಯ ಅಪ್ಲಿಕೇಶನ್ ತಾನು ಪ್ರಾರಂಭವಾದ ಮೇಲೆ ಪ್ಲಗಿನ್ ಫೋಲ್ಡರ್‌ನಲ್ಲಿ ಏನಿದೆ ಎಂದು ನೋಡಿ ಅವುಗಳನ್ನು ಎತ್ತಿಕೊಳ್ಳುತ್ತದೆ. ಅಡಿಕೆಯ ಕೊನೆ ಕೊಯ್ಲಿನ ಕಾಲದಲ್ಲಿ ಯಾವುದಾದರೂ ಶಾಖೆಯ ಗುಮಾಸ್ತರು ಬೆಳಿಗ್ಗೆಯೇ ಫೋನ್ ಮಾಡಿ "ತಮಾ, ತೂಕ ಬತ್ತಾ ಇಲ್ಲೆ" ಎಂದರೆ, ಅಂಗಳದಲ್ಲಿ ಚೀಲ ಇಳಿಸಿಕೊಂಡು ನಿಂತ ಬೆಳೆಗಾರರು ಇದ್ದಾರೆ ಎಂದೇ ಅರ್ಥ. ಶಾಖೆ ಘಟ್ಟದ ಕೆಳಗೆ ಕುಮಟಾ ಕಡೆಯಲ್ಲಿದ್ದರೆ ದೇವಿಮನೆ ಘಟ್ಟ ಇಳಿದು ಹೋಗಿ ನೋಡುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಆದ್ದರಿಂದ ಫೋನಿನಲ್ಲಿ ಕೇಳಿ ತಿಳಿದುಕೊಳ್ಳಬಹುದಾದಷ್ಟು ವಿವರವನ್ನು ತಂತ್ರಾಂಶವೇ ಬರೆದಿಡಬೇಕು ಎಂಬುದು ನನಗೆ ಬಹಳ ಮುಖ್ಯವಾದ ವಿಷಯ.

ನಮ್ಮ ತಂತ್ರಾಂಶ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಇರುವುದರಿಂದ ಅಲ್ಲಿನ ವ್ಯವಸ್ಥೆಯನ್ನೇ ಹಿಡಿದು ಹೇಳುತ್ತೇನೆ. ಈಗಿನ ಡಾಟ್‌ನೆಟ್‌ನಲ್ಲಿ ಅಪ್ಲಿಕೇಶನ್ ಪ್ರಾರಂಭವಾಗುವಾಗಲೇ ಹೋಸ್ಟ್ ಎಂಬ ಚಿಕ್ಕ ಭಾಗವು ಅಪ್ಲಿಕೇಶನ್‌ನ ಡೆಪ್ಸ್ ಜೇಸನ್ ಫೈಲನ್ನು (ಬೇಕಾದ ಲೈಬ್ರರಿಗಳನ್ನು ಬರೆದಿಟ್ಟ ಫೈಲನ್ನು) ಓದಿ, ಯಾವ ಅಸೆಂಬ್ಲಿ (ಕಂಪೈಲ್ ಆದ ಕೋಡ್ ಇರುವ ಡಿಎಲ್‌ಎಲ್ ಫೈಲ್) ಎಲ್ಲಿದೆ ಎಂಬ ಪೂರ್ತಿ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಲೋಡ್ ಕಾಂಟೆಕ್ಸ್ಟ್ ಎಂದರೆ ಲೋಡ್ ಆದ ಅಸೆಂಬ್ಲಿಗಳನ್ನು ಒಟ್ಟಿಗೆ ಇಡುವ ಒಂದು ಗುಂಪು; ಅಪ್ಲಿಕೇಶನ್‌ನದ್ದೇ ಆದ ಡೀಫಾಲ್ಟ್ ಲೋಡ್ ಕಾಂಟೆಕ್ಸ್ಟ್ ಹುಡುಕುವುದು ಮುಖ್ಯವಾಗಿ ಈ ಪಟ್ಟಿಯಲ್ಲಿ. ಡಿಸ್ಕ್‌ನ ಫೋಲ್ಡರ್‌ಗಳನ್ನು ಅದು ತಡಕಾಡುವುದಿಲ್ಲ. ಪ್ಲಗಿನ್ ಬರುವುದು ಪಟ್ಟಿ ಸಿದ್ಧವಾದ ಮೇಲೆ. ಅಪ್ಲಿಕೇಶನ್ ಕಟ್ಟುವಾಗ ಅಂಥದೊಂದು ಪ್ಲಗಿನ್ ಇರುವುದೇ ಗೊತ್ತಿರಲಿಲ್ಲವಾದ್ದರಿಂದ, ಆ ಪ್ಲಗಿನ್ ಬಯಸುವ ಡಿಪೆಂಡೆನ್ಸಿಯ (ಅದು ಅವಲಂಬಿಸುವ ಇನ್ನೊಂದು ಲೈಬ್ರರಿಯ) ಹೆಸರು, ಅಪ್ಲಿಕೇಶನ್ ತಾನೂ ಅದನ್ನು ಬಳಸದ ಹೊರತು, ಪಟ್ಟಿಯಲ್ಲಿ ಇರಲು ಸಾಧ್ಯವಿಲ್ಲ. ಪ್ಲಗಿನ್‌ನ ಮುಖ್ಯ ಫೈಲನ್ನು ನಾವು ಪೂರ್ತಿ ದಾರಿ ಕೊಟ್ಟು ಲೋಡ್ ಮಾಡಿಸಿದೆವು, ಅದು ಲೋಡ್ ಆಯಿತು. ಅದರ ಪಕ್ಕದಲ್ಲಿಯೇ ಕುಳಿತ ಡಿಪೆಂಡೆನ್ಸಿಯನ್ನು ಮಾತ್ರ ರನ್‌ಟೈಮ್ ಕಾಣಲಿಲ್ಲ. ಫೈಲ್ ಕಣ್ಣೆದುರಿಗಿದ್ದರೂ 'ಸಿಗಲಿಲ್ಲ' ಎನ್ನುವುದರ ಹಿಂದಿರುವ ಅತ್ಯಂತ ಸಾಮಾನ್ಯ ಕಾರಣ ಇದು.

ಲೋಡ್ ಮಾಡುವ ಕರೆಗಳ ನಡುವಿನ ವ್ಯತ್ಯಾಸವೂ ಇಲ್ಲಿ ಗೊಂದಲ ಹೆಚ್ಚಿಸುತ್ತದೆ. ಅಸೆಂಬ್ಲಿ ಲೋಡ್‌ಫ್ರಮ್ ಎಂಬ ಹಳೆಯ ಕರೆ ಬಳಸಿದರೆ ಪ್ಲಗಿನ್ ಇದ್ದ ಫೋಲ್ಡರ್‌ನಲ್ಲಿಯೇ ಅದರ ಡಿಪೆಂಡೆನ್ಸಿಯನ್ನೂ ಹುಡುಕುವ ಏರ್ಪಾಡು ಇದೆ, ಆದರೆ ಎಲ್ಲವೂ ಡೀಫಾಲ್ಟ್ ಕಾಂಟೆಕ್ಸ್ಟ್‌ಗೇ ಬಂದು ಸೇರುವುದರಿಂದ ಎರಡು ಪ್ಲಗಿನ್‌ಗಳು ಒಂದೇ ಲೈಬ್ರರಿಯ ಎರಡು ಆವೃತ್ತಿಗಳನ್ನು ಕೇಳಿದಾಗ ಜಗಳ ಶುರುವಾಗುತ್ತದೆ. ಲೋಡ್‌ಫೈಲ್ ಎಂಬುದು ಪ್ರತಿ ಫೈಲಿಗೂ ಒಂದು ಹೊಸ ಕಾಂಟೆಕ್ಸ್ಟ್ ಮಾಡುತ್ತದೆ, ಡಿಪೆಂಡೆನ್ಸಿಯ ಯೋಚನೆಯನ್ನೇ ಮಾಡುವುದಿಲ್ಲ. ಹೆಸರುಗಳು ಹೋಲುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದವರು ಬಹಳ ಜನ. ಹೀಗಾಗಿ ಬೇರೆಯವರು ಬರೆದ ಪ್ಲಗಿನ್ ಲೋಡರ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದರಲ್ಲಿ ಯಾವ ಕರೆ ಇದೆ ಎಂಬುದನ್ನು.

2019ರ ಸೆಪ್ಟೆಂಬರ್‌ನಲ್ಲಿ ಬಂದ ಡಾಟ್‌ನೆಟ್ ಕೋರ್ 3.0 ಈ ಸಮಸ್ಯೆಗೆ ಸರಿಯಾದ ಉಪಕರಣವನ್ನು ಕೊಟ್ಟಿತು. ಅದರ ಹೆಸರು ಅಸೆಂಬ್ಲಿ ಡಿಪೆಂಡೆನ್ಸಿ ರಿಸಾಲ್ವರ್. ಪ್ಲಗಿನ್‌ನ ಮುಖ್ಯ ಫೈಲಿನ ದಾರಿಯನ್ನು ಅದಕ್ಕೆ ಕೊಟ್ಟರೆ, ಪಕ್ಕದಲ್ಲಿರುವ ಪ್ಲಗಿನ್‌ನದ್ದೇ ಡೆಪ್ಸ್ ಜೇಸನ್ ಫೈಲನ್ನು ಓದಿ, ಯಾವ ಹೆಸರು ಕೇಳಿದರೆ ಯಾವ ಫೈಲ್ ಕೊಡಬೇಕು ಎಂದು ಹೇಳುತ್ತದೆ. ನಮ್ಮದೇ ಒಂದು ಲೋಡ್ ಕಾಂಟೆಕ್ಸ್ಟ್ ಬರೆದು, ಅದರ ಲೋಡ್ ಮೆಥಡ್‌ನಲ್ಲಿ ಮೊದಲು ಈ ರಿಸಾಲ್ವರ್‌ನನ್ನು ಕೇಳಿ, ಅದು ದಾರಿ ಕೊಟ್ಟರೆ ಅಲ್ಲಿಂದ ಲೋಡ್ ಮಾಡಿ, ಕೊಡದಿದ್ದರೆ ನಲ್ (ಏನೂ ಇಲ್ಲ ಎಂಬ ಉತ್ತರ) ಮರಳಿಸಿದರೆ ಸಾಕು. ನಲ್ ಬಂದಾಗ ರನ್‌ಟೈಮ್ ಡೀಫಾಲ್ಟ್ ಕಾಂಟೆಕ್ಸ್ಟ್‌ನಲ್ಲಿ ಹುಡುಕುತ್ತದೆ, ಅಲ್ಲಿಯೂ ಇಲ್ಲದಿದ್ದರೆ ರಿಸಾಲ್ವಿಂಗ್ ಇವೆಂಟ್‌ಗೆ ಅವಕಾಶ ಕೊಡುತ್ತದೆ, ಕೊನೆಗೆ ಆ್ಯಪ್‌ಡೊಮೇನ್‌ನ ಅಸೆಂಬ್ಲಿ ರಿಸಾಲ್ವ್ ಇವೆಂಟ್‌ಗೆ. ಈ ಅನುಕ್ರಮ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಅರ್ಧ ತೊಂದರೆಗಳ ಮೂಲ ತಾನಾಗಿಯೇ ಕಾಣುತ್ತದೆ.

ಆದರೂ ಬಹಳ ಜನ ರಿಸಾಲ್ವರ್ ಬಿಟ್ಟು ಕೈಯಿಂದಲೇ ಒಂದು ಚಿಕ್ಕ ಹುಡುಕಾಟವನ್ನು ಬರೆಯುತ್ತಾರೆ: ಕೇಳಿದ ಹೆಸರಿಗೆ ಡಿಎಲ್‌ಎಲ್ ಎಂಬ ಬಾಲ ಸೇರಿಸಿ, ಪ್ಲಗಿನ್ ಫೋಲ್ಡರ್‌ನಲ್ಲಿ ಅದು ಇದ್ದರೆ ಲೋಡ್ ಮಾಡಿಬಿಡುವುದು. ಮೂರು ಸಾಲಿನ ಈ ಕೋಡ್ ಬಹುಪಾಲು ಲೈಬ್ರರಿಗಳಿಗೆ ಸಾಕಾಗುತ್ತದೆ, ಆದ್ದರಿಂದಲೇ ಅದು ಅಪಾಯಕಾರಿ. ತೂಕದ ಯಂತ್ರದ ಪ್ಲಗಿನ್ ಇದಕ್ಕೆ ಒಳ್ಳೆಯ ಉದಾಹರಣೆ. ತೂಕದ ಯಂತ್ರ ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಮೂಲಕ ಕಂಪ್ಯೂಟರ್‌ಗೆ ಅಂಕಿಗಳನ್ನು ಕಳಿಸುತ್ತದೆ. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಸೀರಿಯಲ್ ಪೋರ್ಟ್‌ನ ಕೋಡ್ ಫ್ರೇಮ್‌ವರ್ಕ್‌ನ ಒಳಗೇ ಇತ್ತು. ಹೊಸ ಡಾಟ್‌ನೆಟ್‌ನಲ್ಲಿ ಅದು ಸಿಸ್ಟಮ್ ಡಾಟ್ ಐಒ ಡಾಟ್ ಪೋರ್ಟ್ಸ್ ಎಂಬ ಪ್ರತ್ಯೇಕ ನುಗೆಟ್ ಪ್ಯಾಕೇಜ್, ಅಂದರೆ ಬೇರೆಯಾಗಿ ತರಿಸಿಕೊಳ್ಳಬೇಕಾದ ಲೈಬ್ರರಿ. ಈ ಪ್ಯಾಕೇಜ್ ಬಳಸಿದ ಪ್ಲಗಿನ್ ಅನ್ನು ಯಾವ ಆಪರೇಟಿಂಗ್ ಸಿಸ್ಟಮ್ ಎಂದು ಹೇಳದೆ ಪಬ್ಲಿಶ್ ಮಾಡಿದರೆ (ಹಂಚಲು ಸಿದ್ಧಪಡಿಸಿದರೆ) ಒಂದೇ ಹೆಸರಿನ ಡಿಎಲ್‌ಎಲ್ ಒಂದಕ್ಕಿಂತ ಹೆಚ್ಚು ಕಡೆ ಬಂದು ಕೂರುತ್ತದೆ. ಫೋಲ್ಡರ್‌ನ ಬುಡದಲ್ಲಿರುವುದು ಹೆಸರಿಗೆ ಮಾತ್ರ ಇರುವ ಪ್ರತಿ. ಅದನ್ನು ಕರೆದರೆ 'ಈ ವೇದಿಕೆಯಲ್ಲಿ ಬೆಂಬಲವಿಲ್ಲ' ಎಂಬ ಎಕ್ಸೆಪ್ಶನ್ (ಓಡುವಾಗ ಹುಟ್ಟುವ ದೋಷ) ಬರುತ್ತದೆ. ವಿಂಡೋಸ್‌ನಲ್ಲಿ ನಿಜವಾಗಿ ಕೆಲಸ ಮಾಡುವ ಪ್ರತಿ ರನ್‌ಟೈಮ್ಸ್ ಎಂಬ ಒಳ ಫೋಲ್ಡರ್‌ನ ವಿನ್ ಎಂಬ ಭಾಗದಲ್ಲಿರುತ್ತದೆ. ಯಾವ ಯಂತ್ರದಲ್ಲಿ ಯಾವ ಪ್ರತಿ ಎಂಬ ಲೆಕ್ಕ ಡೆಪ್ಸ್ ಜೇಸನ್‌ನಲ್ಲಿ ಬರೆದಿರುತ್ತದೆ, ರಿಸಾಲ್ವರ್ ಅದನ್ನು ಓದಿಕೊಂಡೇ ದಾರಿ ಹೇಳುತ್ತದೆ. ಹೆಸರು ನೋಡಿ ಎತ್ತಿಕೊಳ್ಳುವ ಮೂರು ಸಾಲಿನ ಕೋಡ್‌ಗೆ ಈ ಲೆಕ್ಕ ಗೊತ್ತಿಲ್ಲ. ವಿಂಡೋಸ್ ಯಂತ್ರದ ಮೇಲೆ ಕುಳಿತು 'ವಿಂಡೋಸ್‌ನಲ್ಲಿ ಮಾತ್ರ ಬೆಂಬಲವಿದೆ' ಎಂಬ ಸಂದೇಶವನ್ನು ಓದುವಂತಾಗುವುದು ಈ ದಾರಿಯಿಂದಲೇ. ಇದನ್ನು ಡಿಪೆಂಡೆನ್ಸಿ ಇಲ್ಲದ ತೊಂದರೆ ಎಂದು ಸಂದೇಶ ಹೇಳುವುದೂ ಇಲ್ಲ. ಆದರೆ ಮೂಲ ಅದೇ. ತಪ್ಪು ಪ್ರತಿ ಸಿಕ್ಕಿದೆ ಎಂದರೆ ಸರಿಯಾದ ಪ್ರತಿ ಸಿಕ್ಕಿಲ್ಲ ಎಂದೇ ಅರ್ಥ.

ಡೆಪ್ಸ್ ಜೇಸನ್ ಫೈಲನ್ನು ಪ್ಲಗಿನ್‌ನ ಜೊತೆ ಕಳಿಸದಿರುವುದು ಇನ್ನೊಂದು ಸಾಮಾನ್ಯ ಕಾರಣ. ಡಿಎಲ್‌ಎಲ್ ಮಾತ್ರ ಮುಖ್ಯ, ಉಳಿದದ್ದು ಕಟ್ಟುವಾಗ ಉಳಿದ ಚೂರುಪಾರು ಎಂಬ ಭಾವನೆ ಹಲವರಲ್ಲಿದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ಶಾಖೆಗಳಿಗೆ ಪೆನ್‌ಡ್ರೈವ್‌ನಲ್ಲಿ ಅಪ್‌ಡೇಟ್ ಹೋಗುವಾಗ, ಬದಲಾದ ಒಂದೇ ಡಿಎಲ್‌ಎಲ್ ಅನ್ನು ಎತ್ತಿಕೊಟ್ಟು ಕಳಿಸುವ ರೂಢಿಯೂ ಇದೇ ಭಾವನೆಯಿಂದ ಬಂದದ್ದು. ಹೊಸ ಡಿಎಲ್‌ಎಲ್ ಹೊಸ ಡಿಪೆಂಡೆನ್ಸಿ ಕೇಳುತ್ತದೆ, ಪಕ್ಕದ ಡೆಪ್ಸ್ ಜೇಸನ್ ಹಳೆಯದು, ಅದರಲ್ಲಿ ಆ ಹೆಸರೇ ಇಲ್ಲ. ಇಂಥ ಕಡೆ ನಾನು ಹಿಡಿದುಕೊಂಡಿರುವ ನಿಯಮ ಕಠಿಣವಾದದ್ದು: ಪ್ಲಗಿನ್ ಎಂದರೆ ಪಬ್ಲಿಶ್ ಮಾಡಿದ ಇಡೀ ಫೋಲ್ಡರ್, ಹಳೆಯ ಫೋಲ್ಡರ್ ಅಳಿಸಿ ಹೊಸದನ್ನು ಇಡಬೇಕು, ಒಂದರ ಮೇಲೊಂದನ್ನು ಸುರಿಯಬಾರದು.

ಇಲ್ಲಿಯೇ ಬಿಲ್ಡ್ ಮತ್ತು ಪಬ್ಲಿಶ್ ನಡುವಿನ ವ್ಯತ್ಯಾಸವನ್ನೂ ಹೇಳಬೇಕು. ಪ್ಲಗಿನ್ ಎಂಬುದು ಸಾಮಾನ್ಯವಾಗಿ ಕ್ಲಾಸ್ ಲೈಬ್ರರಿ ಪ್ರಾಜೆಕ್ಟ್. ಕ್ಲಾಸ್ ಲೈಬ್ರರಿಯನ್ನು ಬರೀ ಬಿಲ್ಡ್ ಮಾಡಿದರೆ ನುಗೆಟ್‌ನಿಂದ ಬಂದ ಡಿಎಲ್‌ಎಲ್‌ಗಳು ಔಟ್‌ಪುಟ್ ಫೋಲ್ಡರ್‌ಗೆ ಬರುವುದಿಲ್ಲ, ಏಕೆಂದರೆ ಅದನ್ನು ಬಳಸುವ ಅಪ್ಲಿಕೇಶನ್ ಅವುಗಳನ್ನು ತರುತ್ತದೆ ಎಂದು ವ್ಯವಸ್ಥೆ ಭಾವಿಸುತ್ತದೆ. ಪ್ರಾಜೆಕ್ಟ್ ಫೈಲಿನಲ್ಲಿ ಎನೇಬಲ್ ಡೈನಾಮಿಕ್ ಲೋಡಿಂಗ್ ಎಂಬ ಗುಣಕ್ಕೆ ಟ್ರೂ ಎಂದು ಬರೆದರೆ ಈ ಭಾವನೆ ಬದಲಾಗಿ, ಪ್ಲಗಿನ್‌ಗೆ ಬೇಕಾದ ಎಲ್ಲವೂ ಅದರ ಫೋಲ್ಡರ್‌ಗೆ ಬರುತ್ತವೆ. ಒಂದೇ ಸಾಲು, ಆದರೆ ಅದು ಇಲ್ಲದಿರುವುದರಿಂದ ಆಗುವ ಪರದಾಟ ದೊಡ್ಡದು. ಬರೆದವರ ಯಂತ್ರದಲ್ಲಿ ಈ ಕೊರತೆ ಕಾಣದಿರಲು ಕಾರಣವಿದೆ: ಡೀಬಗ್ ಮಾಡುವ ಅನುಕೂಲಕ್ಕಾಗಿ ಮುಖ್ಯ ಅಪ್ಲಿಕೇಶನ್‌ನ ಪ್ರಾಜೆಕ್ಟ್‌ನಿಂದ ಪ್ಲಗಿನ್ ಪ್ರಾಜೆಕ್ಟ್‌ಗೆ ರೆಫರೆನ್ಸ್ ಕೊಟ್ಟಿರುತ್ತಾರೆ, ಆಗ ಡಿಪೆಂಡೆನ್ಸಿ ಮುಖ್ಯ ಅಪ್ಲಿಕೇಶನ್‌ನ ಪಟ್ಟಿಗೇ ಸೇರಿಬಿಡುತ್ತದೆ. ಹೀಗಾಗಿ ಪ್ಲಗಿನ್ ಪರೀಕ್ಷೆ ನಡೆಯಬೇಕಾದದ್ದು ಅಭಿವೃದ್ಧಿಯ ಉಪಕರಣಗಳು ಒಂದೂ ಇಲ್ಲದ ಬೇರೆ ಯಂತ್ರದಲ್ಲಿ, ಇಲ್ಲವಾದರೆ ವರ್ಚುವಲ್ ಮಷಿನ್‌ನಲ್ಲಿ.

ಹಾಗೆಂದು ಎಲ್ಲವನ್ನೂ ಪ್ಲಗಿನ್‌ನ ಫೋಲ್ಡರ್‌ಗೆ ತುಂಬಿದರೆ ತೊಂದರೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ನಮ್ಮ ಕಡೆ ಮದುವೆ ಮನೆಗೆ ಬರುವ ಅಡುಗೆಯವರು ತಮ್ಮ ಸೌಟು, ಜಾರ, ಈಳಿಗೆ ಮಣೆಗಳನ್ನು ತಾವೇ ತರುತ್ತಾರೆ, ಒಲೆ ಮಾತ್ರ ಮನೆಯವರದ್ದು. ಪ್ಲಗಿನ್ ಮತ್ತು ಅಪ್ಲಿಕೇಶನ್ ಒಪ್ಪಿಕೊಂಡ ಇಂಟರ್‌ಫೇಸ್ (ಯಾವ ಮೆಥಡ್‌ಗಳಿರಬೇಕು ಎಂಬ ಕರಾರು) ಇರುವ ಡಿಎಲ್‌ಎಲ್ ಎನ್ನುವುದು ಆ ಒಲೆಯ ಹಾಗೆ. ಅದು ಒಂದೇ ಇರಬೇಕು, ಅಪ್ಲಿಕೇಶನ್‌ನ ಕಡೆಯಿಂದಲೇ ಬರಬೇಕು. ಅದರ ಇನ್ನೊಂದು ಪ್ರತಿ ಪ್ಲಗಿನ್ ಫೋಲ್ಡರ್‌ನಲ್ಲಿದ್ದರೆ, ನಮ್ಮ ಲೋಡ್ ಕಾಂಟೆಕ್ಸ್ಟ್ ಮೊದಲು ರಿಸಾಲ್ವರ್‌ನನ್ನೇ ಕೇಳುವುದರಿಂದ ಆ ಪ್ರತಿಯೇ ಲೋಡ್ ಆಗುತ್ತದೆ. ಡಾಟ್‌ನೆಟ್‌ನಲ್ಲಿ ಎರಡು ಕಾಂಟೆಕ್ಸ್ಟ್‌ಗಳಿಗೆ ಪ್ರತ್ಯೇಕವಾಗಿ ಬಂದ ಒಂದೇ ಹೆಸರಿನ ಟೈಪ್‌ಗಳು (ಕ್ಲಾಸ್, ಇಂಟರ್‌ಫೇಸ್ ಮುಂತಾದವು) ಎರಡು ಬೇರೆ ಟೈಪ್‌ಗಳು. ಆಗ ಪ್ಲಗಿನ್‌ನ ಕ್ಲಾಸ್ ಇಂಟರ್‌ಫೇಸನ್ನು ಸರಿಯಾಗಿಯೇ ಅಳವಡಿಸಿಕೊಂಡಿದ್ದರೂ 'ಇದು ನಮ್ಮ ಪ್ಲಗಿನ್ ಅಲ್ಲ' ಎಂದು ಅಪ್ಲಿಕೇಶನ್ ಸುಮ್ಮನೆ ದಾಟಿಹೋಗುತ್ತದೆ, ಅಥವಾ ಒಂದು ಟೈಪನ್ನು ಅದೇ ಹೆಸರಿನ ಟೈಪಿಗೆ ಬದಲಾಯಿಸಲಾಗದು ಎಂಬ, ನೋಡಿದರೆ ಅಸಂಬದ್ಧ ಎನಿಸುವ ಸಂದೇಶ ಬರುತ್ತದೆ. ಇದನ್ನು ತಡೆಯಲು ಪ್ಲಗಿನ್‌ನ ಪ್ರಾಜೆಕ್ಟ್ ಫೈಲಿನಲ್ಲಿ ಇಂಟರ್‌ಫೇಸ್ ಪ್ರಾಜೆಕ್ಟ್‌ನ ರೆಫರೆನ್ಸ್‌ಗೆ ಪ್ರೈವೇಟ್ ಎಂಬುದಕ್ಕೆ ಫಾಲ್ಸ್ ಎಂದೂ, ಎಕ್ಸ್‌ಕ್ಲೂಡ್ ಅಸೆಟ್ಸ್ ಎಂಬುದಕ್ಕೆ ರನ್‌ಟೈಮ್ ಎಂದೂ ಬರೆಯಬೇಕು. ಕಾಣೆಯಾದ ಡಿಪೆಂಡೆನ್ಸಿಯನ್ನು ಸರಿಪಡಿಸುವ ಭರದಲ್ಲಿ ಮುಖ್ಯ ಅಪ್ಲಿಕೇಶನ್‌ನ ಫೋಲ್ಡರ್‌ನಿಂದ ಎಲ್ಲ ಡಿಎಲ್‌ಎಲ್‌ಗಳನ್ನೂ ಪ್ಲಗಿನ್ ಫೋಲ್ಡರ್‌ಗೆ ಸುರಿದವರು ಈ ಎರಡನೆಯ ತೊಂದರೆಗೆ ತಾವೇ ದಾರಿ ಮಾಡಿಕೊಡುತ್ತಾರೆ.

ಈಗ ಸಂದೇಶವನ್ನು ಓದುವ ಬಗೆಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ರಸೀದಿ ಮುದ್ರಿಸುವ ನಮ್ಮ ಪ್ಲಗಿನ್ ಕನ್ನಡದಲ್ಲಿ ಪಿಡಿಎಫ್ ಮಾಡಬೇಕು. ಅಡಿಕೆಯ ಬಗೆಗಳಲ್ಲಿ ಚಾಲಿ, ರಾಶಿ ಎಂಬವು ಹೇಗೋ ಮೂಡುತ್ತವೆ. ಬೆಟ್ಟೆ, ತಟ್ಟಿಬೆಟ್ಟೆ ಎಂಬಲ್ಲಿ ಒತ್ತಕ್ಷರ ಕೆಳಗೆ ಸರಿಯಾಗಿ ಕೂರಬೇಕಾದರೆ ಅಕ್ಷರಗಳನ್ನು ಜೋಡಿಸಿಕೊಡುವ ಹಾರ್ಫ್‌ಬಜ್ ಬೇಕು, ಚಿತ್ರಿಸಲು ಸ್ಕಿಯಾಶಾರ್ಪ್ ಬೇಕು. ಇವೆರಡರ ಒಳಗಿನ ತಿರುಳು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ನೇಟಿವ್ ಲೈಬ್ರರಿ, ಅಂದರೆ ಡಾಟ್‌ನೆಟ್‌ನ ಹೊರಗೆ ನೇರವಾಗಿ ಯಂತ್ರದ ಮೇಲೆ ಓಡುವ ಕೋಡ್. ಲಿನಕ್ಸ್ ಸರ್ವರ್ ಒಂದರಲ್ಲಿ ಈ ಪ್ಲಗಿನ್ ಕೈಕೊಟ್ಟಾಗ ಪರದೆಯ ಮೇಲೆ ಕಂಡ ಸಾಲು, ಸ್ಕಿಯಾಶಾರ್ಪ್‌ನ ಒಂದು ಟೈಪ್‌ನ ಇನಿಶಿಯಲೈಸರ್ (ಮೊದಲ ಬಳಕೆಗೆ ಮುನ್ನ ಓಡುವ ಸಿದ್ಧತೆಯ ಕೋಡ್) ಎಕ್ಸೆಪ್ಶನ್ ಎಸೆಯಿತು ಎಂಬುದಷ್ಟೇ. ಇದರಲ್ಲಿ ಫೈಲಿನ ಮಾತೇ ಇಲ್ಲ. ಒಳಗಿನ ಎಕ್ಸೆಪ್ಶನ್ ತೆಗೆದು ನೋಡಿದರೆ ಎರಡನೆಯ ಸಾಲು ಸಿಗುತ್ತದೆ: ಲಿಬ್‌ಸ್ಕಿಯಾಶಾರ್ಪ್ ಎಂಬ ಶೇರ್ಡ್ ಲೈಬ್ರರಿಯನ್ನಾಗಲೀ ಅದರ ಡಿಪೆಂಡೆನ್ಸಿಗಳಲ್ಲಿ ಒಂದನ್ನಾಗಲೀ ಲೋಡ್ ಮಾಡಲಾಗಲಿಲ್ಲ. ಈ ವಾಕ್ಯದ ಉತ್ತರಾರ್ಧವನ್ನು ಜನ ಓದದೆ ಬಿಡುತ್ತಾರೆ. ಲಿಬ್‌ಸ್ಕಿಯಾಶಾರ್ಪ್ ಫೋಲ್ಡರ್‌ನಲ್ಲಿ ಇತ್ತು, ಸರಿಯಾದ ಜಾಗದಲ್ಲಿಯೇ ಇತ್ತು. ಅದರ ಮೇಲೆ, ಲೈಬ್ರರಿಗೆ ಬೇಕಾದವನ್ನು ಪಟ್ಟಿಮಾಡುವ ಎಲ್‌ಡಿಡಿ ಎಂಬ ಆಜ್ಞೆ ಓಡಿಸಿದಾಗ ಲಿಬ್‌ಫಾಂಟ್‌ಕಾನ್ಫಿಗ್ ಎಂಬುದರ ಎದುರು 'ನಾಟ್ ಫೌಂಡ್' ಎಂದು ಬಂತು. ಪರದೆಯಿಲ್ಲದ ಸರ್ವರ್‌ಗೆ ಫಾಂಟ್‌ಗಳ ವ್ಯವಸ್ಥೆ ಬೇಡವೆಂದು ಕನಿಷ್ಠ ಸ್ಥಾಪನೆಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಫಾಂಟ್‌ಕಾನ್ಫಿಗ್ ಹಾಕಿದರೆ ಸಾಕಾಗುತ್ತದೆ, ಅಥವಾ ಅದನ್ನು ಬಯಸದ ನೋ ಡಿಪೆಂಡೆನ್ಸೀಸ್ ಎಂಬ ಬೇರೆಯೇ ನುಗೆಟ್ ಪ್ಯಾಕೇಜ್ ಸ್ಕಿಯಾಶಾರ್ಪ್‌ಗೆ ಇದೆ, ಅದನ್ನು ಬಳಸಬಹುದು. ಕನ್ನಡದ ಫಾಂಟ್ ಅನ್ನು ನಾವು ಪ್ಲಗಿನ್‌ನ ಜೊತೆಗೇ ಕಳಿಸುವುದರಿಂದ ಎರಡನೆಯ ದಾರಿ ನಮಗೆ ಒಗ್ಗಿತು.

ಸಂದೇಶದಲ್ಲಿ ಕಾಣುವ ಹೆಸರು ಕಾಣೆಯಾದದ್ದರ ಹೆಸರಾಗಿರಬೇಕೆಂದಿಲ್ಲ; ಅದನ್ನು ಕೇಳಿದವರ ಹೆಸರೂ ಆಗಿರಬಹುದು. ವಿಂಡೋಸ್‌ನಲ್ಲಿಯೂ ಇದೇ ಕಥೆ. ಅಲ್ಲಿ 126 ಎಂಬ ದೋಷ ಸಂಖ್ಯೆ ಬಂದರೆ ಮಾಡ್ಯೂಲ್ ಸಿಗಲಿಲ್ಲ ಎಂದರ್ಥ, ಆದರೆ ಕೇಳಿದ ಮಾಡ್ಯೂಲೋ ಅದು ಬಯಸಿದ ಇನ್ನೊಂದೋ ಎಂಬುದನ್ನು ಸಂಖ್ಯೆ ಹೇಳುವುದಿಲ್ಲ. ಹೊಸದಾಗಿ ವಿಂಡೋಸ್ ಹಾಕಿದ ಯಂತ್ರಗಳಲ್ಲಿ ಬಹಳ ಸಲ ಇಲ್ಲದಿರುವುದು ವಿಷುವಲ್ ಸಿ ಪ್ಲಸ್ ಪ್ಲಸ್‌ನ ರೀಡಿಸ್ಟ್ರಿಬ್ಯೂಟಬಲ್, ಅಂದರೆ ವಿಸಿರನ್‌ಟೈಮ್140 ಮತ್ತು ಎಂಎಸ್‌ವಿಸಿಪಿ140 ಎಂಬ ಫೈಲ್‌ಗಳು. 193 ಎಂಬ ಸಂಖ್ಯೆ ಬಂದರೆ ಫೈಲ್ ಸಿಕ್ಕಿದೆ, ಆದರೆ 64 ಬಿಟ್‌ನ ಪ್ರಕ್ರಿಯೆಗೆ 32 ಬಿಟ್‌ನ ಫೈಲ್ ಬಂದಿರುವ ಸಾಧ್ಯತೆ ಹೆಚ್ಚು. ತೂಕದ ಯಂತ್ರ ಮಾರುವವರು ಕೊಡುವ ಹಳೆಯ ಡ್ರೈವರ್ ಲೈಬ್ರರಿಗಳಲ್ಲಿ ಇದು ಈಗಲೂ ಕಾಣುತ್ತದೆ.

ಡಾಟ್‌ನೆಟ್‌ನ ಅಸೆಂಬ್ಲಿಯಿಂದ ಎಲ್ಲ ಟೈಪ್‌ಗಳನ್ನೂ ಕೇಳುವಾಗ ಬರುವ ರಿಫ್ಲೆಕ್ಷನ್ ಟೈಪ್ ಲೋಡ್ ಎಕ್ಸೆಪ್ಶನ್ ಎಂಬುದೂ ಇದೇ ಜಾತಿಯದು. ಅದರ ಲೋಡರ್ ಎಕ್ಸೆಪ್ಶನ್ಸ್ ಎಂಬ ಗುಣದಲ್ಲಿ ನಿಜವಾದ ಕಾರಣಗಳ ಪಟ್ಟಿ ಇರುತ್ತದೆ. ಲಾಗ್‌ಗೆ ಮೇಲ್ಮೈಯ ಸಂದೇಶವನ್ನಷ್ಟೇ ಬರೆಯುವ ಕೋಡ್ ಈ ಪಟ್ಟಿಯನ್ನು ಎಸೆದುಬಿಡುತ್ತದೆ. ಪ್ಲಗಿನ್ ಲೋಡ್ ಮಾಡುವ ಜಾಗದಲ್ಲಿ ಎಕ್ಸೆಪ್ಶನ್ ಹಿಡಿಯುವವರು ಒಳಗಿನ ಎಕ್ಸೆಪ್ಶನ್‌ಗಳ ಸರಪಳಿಯನ್ನು ತುದಿಯ ತನಕ ಬರೆಯಲೇಬೇಕು. ಪೈಥಾನ್ ಬಳಸುವ ಸ್ನೇಹಿತರಲ್ಲಿಯೂ ಇದೇ ಅಭ್ಯಾಸವನ್ನು ನೋಡಿದ್ದೇನೆ: ಪ್ಲಗಿನ್ ಅನ್ನು ಇಂಪೋರ್ಟ್ ಮಾಡಿ, ಇಂಪೋರ್ಟ್ ಎರರ್ ಬಂದರೆ 'ಪ್ಲಗಿನ್ ಸ್ಥಾಪಿಸಿಲ್ಲ' ಎಂದು ತೋರಿಸಿ ಮುಂದೆ ಹೋಗುತ್ತಾರೆ. ಪ್ಲಗಿನ್ ಸ್ಥಾಪಿತವಾಗಿಯೇ ಇದ್ದು, ಅದರ ಒಳಗೆ ಬಯಸಿದ ಇನ್ನೊಂದು ಮಾಡ್ಯೂಲ್ ಇಲ್ಲದಿದ್ದರೂ ಬರುವುದು ಅದೇ ಎರರ್. ಆ ಎಕ್ಸೆಪ್ಶನ್‌ನ ನೇಮ್ ಎಂಬ ಗುಣದಲ್ಲಿ ಸಿಗದ ಮಾಡ್ಯೂಲ್‌ನ ಹೆಸರು ಇರುತ್ತದೆ. ಅದು ಪ್ಲಗಿನ್‌ನ ಹೆಸರೇ ಆಗಿದ್ದರೆ ಮಾತ್ರ 'ಸ್ಥಾಪಿಸಿಲ್ಲ' ಎನ್ನಬಹುದು.

ರನ್‌ಟೈಮ್ ಎಲ್ಲೆಲ್ಲಿ ಹುಡುಕಿತು ಎಂಬುದನ್ನು ಊಹಿಸಬೇಕಾಗಿಲ್ಲ, ಕೇಳಿದರೆ ಅದೇ ಹೇಳುತ್ತದೆ. ಡಾಟ್‌ನೆಟ್ 5ರಿಂದ ಈಚೆಗೆ ಡಾಟ್‌ನೆಟ್ ಟ್ರೇಸ್ ಎಂಬ ಉಪಕರಣಕ್ಕೆ ರನ್‌ಟೈಮ್‌ನ ಪ್ರೊವೈಡರ್ ಹೆಸರನ್ನು 4 ಎಂಬ ಕೀವರ್ಡ್ ಸಹಿತ ಕೊಟ್ಟರೆ, ಪ್ರತಿ ಅಸೆಂಬ್ಲಿಗಾಗಿ ಯಾವ ಕಾಂಟೆಕ್ಸ್ಟ್‌ನಲ್ಲಿ ಹುಡುಕಾಟ ನಡೆಯಿತು, ಯಾವ ಹಂತದಲ್ಲಿ ಸಿಕ್ಕಿತು ಅಥವಾ ತಪ್ಪಿತು ಎಂಬುದೆಲ್ಲ ದಾಖಲಾಗುತ್ತದೆ. ಹೋಸ್ಟ್‌ನ ಹಂತದಲ್ಲಿಯೇ ಅನುಮಾನವಿದ್ದರೆ ಕೋರ್‌ಹೋಸ್ಟ್ ಟ್ರೇಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಎಂದು ಕೊಟ್ಟು ಓಡಿಸಬೇಕು. ಸಾಲುಗಳು ರಾಶಿಯಾಗಿ ಬಂದರೂ ಪಟ್ಟಿ ಹೇಗೆ ತಯಾರಾಯಿತು ಎಂಬುದು ಅದರಲ್ಲಿ ಸ್ಪಷ್ಟವಾಗಿರುತ್ತದೆ. ಲಿನಕ್ಸ್‌ನಲ್ಲಿ ನೇಟಿವ್ ಲೈಬ್ರರಿಗಳಿಗಾಗಿ ಎಲ್‌ಡಿ ಡೀಬಗ್ ಎಂಬ ವೇರಿಯಬಲ್‌ಗೆ ಲಿಬ್ಸ್ ಎಂಬ ಬೆಲೆ ಕೊಟ್ಟರೆ ಲೋಡರ್ ತಾನು ಹೊಕ್ಕು ನೋಡಿದ ಪ್ರತಿ ಜಾಗವನ್ನೂ ಬರೆಯುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಪ್ರಾಸೆಸ್ ಮಾನಿಟರ್ ಇದೆ. ಅದರಲ್ಲಿ ನಮ್ಮ ಪ್ರಕ್ರಿಯೆಯ ಹೆಸರನ್ನಷ್ಟೇ ಉಳಿಸಿ, ಫಲಿತಾಂಶದಲ್ಲಿ 'ನೇಮ್ ನಾಟ್ ಫೌಂಡ್' ಎಂದು ಬಂದ ಸಾಲುಗಳನ್ನು ನೋಡಬೇಕು. ಇಂಥ ಸಾಲುಗಳು ನೂರಾರು ಇರುತ್ತವೆ, ಬಹುಪಾಲು ನಿರಪಾಯಕಾರಿ, ಏಕೆಂದರೆ ಒಂದು ಕಡೆ ಸಿಗದದ್ದು ಮುಂದಿನ ಕಡೆ ಸಿಕ್ಕಿರುತ್ತದೆ. ಗಮನಿಸಬೇಕಾದದ್ದು ಎಲ್ಲ ಕಡೆಯೂ ಹುಡುಕಲ್ಪಟ್ಟು ಎಲ್ಲಿಯೂ ಸಿಗದ ಹೆಸರನ್ನು. ಡಿಎಲ್‌ಎಲ್‌ನ ಡಿಪೆಂಡೆನ್ಸಿಗಳನ್ನು ತೋರಿಸುವ ಹಳೆಯ ಉಪಕರಣ ಡಿಪೆಂಡೆನ್ಸಿ ವಾಕರ್ ಅನ್ನು ಈಗ ನಾನು ಯಾರಿಗೂ ಸೂಚಿಸುವುದಿಲ್ಲ. ಹೊಸ ವಿಂಡೋಸ್‌ನ ಎಪಿಐ ಸೆಟ್ ಎಂಬ ಏರ್ಪಾಡು ಅದಕ್ಕೆ ಗೊತ್ತಿಲ್ಲದ ಕಾರಣ, ಇರುವುದನ್ನೂ ಇಲ್ಲವೆಂದು ಕೆಂಪಾಗಿ ತೋರಿಸುತ್ತದೆ.

ವಿಂಡೋಸ್‌ನ ನೇಟಿವ್ ಹುಡುಕಾಟದಲ್ಲಿ ಒಂದು ಸೂಕ್ಷ್ಮವಿದೆ. ಪೂರ್ತಿ ದಾರಿ ಕೊಟ್ಟು ಒಂದು ಡಿಎಲ್‌ಎಲ್ ಲೋಡ್ ಮಾಡಿಸಿದರೂ, ಅದು ಬಯಸುವ ಇನ್ನೊಂದು ಡಿಎಲ್‌ಎಲ್ ಅನ್ನು ವಿಂಡೋಸ್ ತನ್ನ ಪೂರ್ವನಿಯೋಜಿತ ಕ್ರಮದಲ್ಲಿ, ಅಪ್ಲಿಕೇಶನ್‌ನ ಇಎಕ್ಸ್‌ಇ ಇರುವ ಫೋಲ್ಡರ್‌ನಿಂದ ಶುರುಮಾಡಿ ಹುಡುಕುತ್ತದೆ; ಮೊದಲನೆಯದು ಇದ್ದ ಪ್ಲಗಿನ್ ಫೋಲ್ಡರ್ ಆ ಕ್ರಮದಲ್ಲಿ ಇಲ್ಲ. ಲೋಡ್‌ಲೈಬ್ರರಿ ಇಎಕ್ಸ್ ಎಂಬ ಕರೆಗೆ ತಕ್ಕ ಫ್ಲ್ಯಾಗ್ ಕೊಟ್ಟಾಗ ಮಾತ್ರ ಅದು ಸೇರುತ್ತದೆ. ಪಾತ್ ವೇರಿಯಬಲ್‌ಗೆ ಫೋಲ್ಡರ್ ಸೇರಿಸಿ ದಾಟಿಕೊಳ್ಳುವ ಹಳೆಯ ಉಪಾಯ ಎಲ್ಲ ಕಡೆಯೂ ನಡೆಯುವುದಿಲ್ಲ. ಪೈಥಾನ್ 3.8ರಿಂದ ವಿಂಡೋಸ್‌ನಲ್ಲಿ ಎಕ್ಸ್‌ಟೆನ್ಷನ್ ಮಾಡ್ಯೂಲ್‌ಗಳ ಡಿಪೆಂಡೆನ್ಸಿಗೆ ಪಾತ್ ಅನ್ನು ನೋಡುವುದನ್ನೇ ನಿಲ್ಲಿಸಿ, ಫೋಲ್ಡರ್ ಸೇರಿಸಲು ಬೇರೆಯೇ ಒಂದು ಫಂಕ್ಷನ್ ಕೊಟ್ಟಿದ್ದಾರೆ. ಲಿನಕ್ಸ್‌ನಲ್ಲಿ ಲೈಬ್ರರಿ ಕಟ್ಟುವಾಗಲೇ ರನ್‌ಪಾತ್‌ನಲ್ಲಿ ಒರಿಜಿನ್ ಎಂಬ ಸಂಕೇತ ಬರೆದರೆ ತನ್ನದೇ ಫೋಲ್ಡರ್‌ನಲ್ಲಿ ಹುಡುಕು ಎಂದು ಹೇಳಿದಂತಾಗುತ್ತದೆ. ಎಲ್ಲಕ್ಕಿಂತ ಅಚ್ಚುಕಟ್ಟಾದ ಪರಿಹಾರ ಅದು.

ಬೆಳಿಗ್ಗೆ ಸರಿಯಿದ್ದ ಪ್ಲಗಿನ್ ಸಂಜೆ ಏಕೆ ಕೈಕೊಡುತ್ತದೆ ಎಂಬ ಪ್ರಶ್ನೆಗೂ ಉತ್ತರ ಲೋಡ್ ಆಗುವ ಕ್ರಮದಲ್ಲಿಯೇ ಇದೆ. ಡಾಟ್‌ನೆಟ್ ಡಿಪೆಂಡೆನ್ಸಿಯನ್ನು ಪ್ಲಗಿನ್ ಲೋಡ್ ಆದಾಗಲೇ ಎಳೆದುಕೊಳ್ಳುವುದಿಲ್ಲ. ಅದನ್ನು ಬಳಸುವ ಮೆಥಡ್ ಮೊದಲ ಬಾರಿ ಕಂಪೈಲ್ ಆಗುವಾಗ ಎಳೆದುಕೊಳ್ಳುತ್ತದೆ. ಹೀಗಾಗಿ ದಿನದ ವರದಿಗೆ ಬೇಕಾದ ಎಕ್ಸೆಲ್ ಲೈಬ್ರರಿ ಇಲ್ಲ ಎಂಬುದು ಸಂಜೆ ವರದಿಯ ಬಟನ್ ಒತ್ತಿದಾಗಲೇ ತಿಳಿಯುವುದು. ಇನ್ನೂ ಒಂದು ಪರಿಣಾಮವಿದೆ: ಆ ಮೆಥಡ್‌ನ ಒಳಗೇ ಟ್ರೈ, ಕ್ಯಾಚ್ ಬರೆದಿದ್ದರೂ ಎಕ್ಸೆಪ್ಶನ್ ಅಲ್ಲಿ ಸಿಕ್ಕಿಬೀಳದೆ ಹೋಗಬಹುದು, ಏಕೆಂದರೆ ಮೆಥಡ್ ಓಡುವ ಮೊದಲೇ, ಕಂಪೈಲ್ ಆಗುವ ಹಂತದಲ್ಲಿಯೇ ಅದು ಹುಟ್ಟಿರುತ್ತದೆ. ಡಿಪೆಂಡೆನ್ಸಿ ಬಳಸುವ ಭಾಗವನ್ನು ಪ್ರತ್ಯೇಕ ಮೆಥಡ್‌ಗೆ ಹಾಕಿ, ಅದಕ್ಕೆ ನೋ ಇನ್‌ಲೈನಿಂಗ್ ಎಂಬ ಗುರುತು ಕೊಟ್ಟು, ಕರೆಯುವ ಜಾಗದಲ್ಲಿ ಹಿಡಿಯಬೇಕು.

ಸಂಜೆಯ ತೊಂದರೆಯನ್ನು ಬೆಳಿಗ್ಗೆಯೇ ಹೊರಗೆಳೆಯಲು ನಮ್ಮ ಲೋಡರ್ ಈಗ ಪ್ರಾರಂಭದಲ್ಲಿ ಒಂದು ಪರೀಕ್ಷೆ ನಡೆಸುತ್ತದೆ. ಪ್ಲಗಿನ್‌ನ ಅಸೆಂಬ್ಲಿ ಯಾವ ಯಾವ ಅಸೆಂಬ್ಲಿಗಳನ್ನು ಹೆಸರಿಸಿದೆ ಎಂದು ಕೇಳಿ, ಪ್ರತಿಯೊಂದನ್ನೂ ಪ್ಲಗಿನ್‌ನದ್ದೇ ಕಾಂಟೆಕ್ಸ್ಟ್‌ನಲ್ಲಿ ಲೋಡ್ ಮಾಡಿ ನೋಡಿ, ಅವು ಹೆಸರಿಸಿದವನ್ನೂ ಹಾಗೆಯೇ ನೋಡುತ್ತ ಬುಡದ ತನಕ ಹೋಗುತ್ತದೆ. ಯಾವುದು ಸಿಗಲಿಲ್ಲ, ಅದನ್ನು ಕೇಳಿದ್ದು ಯಾವುದು, ಅದಕ್ಕೆ ಬೇಕಾದ ಆವೃತ್ತಿ ಯಾವುದು ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತದೆ. ಫೋನಿನಲ್ಲಿ ಗುಮಾಸ್ತರಿಗೆ ಆ ಸಾಲನ್ನು ಓದಿಹೇಳಿ ಎಂದರೆ ಸಾಕು. ಈ ಪರೀಕ್ಷೆಗೆ ಮಿತಿಯೂ ಇದೆ: ರಿಫ್ಲೆಕ್ಷನ್ ಮೂಲಕ, ಅಂದರೆ ಓಡುವಾಗ ಹೆಸರು ಹೇಳಿ, ಕರೆದವೂ ನೇಟಿವ್ ಲೈಬ್ರರಿಗಳೂ ಈ ಪಟ್ಟಿಯಲ್ಲಿ ಬರುವುದಿಲ್ಲ. ಅದಕ್ಕಾಗಿ ಪ್ರತಿ ಪ್ಲಗಿನ್‌ಗೂ ಒಂದು ಸ್ವಪರೀಕ್ಷೆಯ ಮೆಥಡ್ ಇರಬೇಕೆಂದು ಇಂಟರ್‌ಫೇಸ್‌ನಲ್ಲಿಯೇ ಕಡ್ಡಾಯ ಮಾಡಿದ್ದೇವೆ. ರಸೀದಿಯ ಪ್ಲಗಿನ್ ಅದರಲ್ಲಿ 'ತಟ್ಟಿಬೆಟ್ಟೆ' ಎಂಬ ಒಂದೇ ಪದವನ್ನು ಮೆಮೊರಿಯಲ್ಲಿ ಚಿತ್ರಿಸಿ ನೋಡುತ್ತದೆ, ತೂಕದ ಪ್ಲಗಿನ್ ಪೋರ್ಟ್‌ಗಳ ಪಟ್ಟಿ ಕೇಳುತ್ತದೆ. ಸರಿಪಡಿಸಿದ ಮೇಲೆ ಪ್ರಕ್ರಿಯೆಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಪ್ರಾರಂಭಿಸಿಯೇ ಪರೀಕ್ಷಿಸಬೇಕು. ಒಮ್ಮೆ ಸೋತ ಟೈಪ್ ಇನಿಶಿಯಲೈಸರ್ ಅದೇ ಪ್ರಕ್ರಿಯೆಯಲ್ಲಿ ಮತ್ತೆ ಓಡುವುದಿಲ್ಲ, ಹಳೆಯ ಎಕ್ಸೆಪ್ಶನ್ನೇ ಮರಳಿ ಬರುತ್ತದೆ.

ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಓಡುವ ಶಾಖೆಗಳು ಇನ್ನೂ ಕೆಲವು ಇವೆ. ಅಲ್ಲಿ ಹುಡುಕಾಟದ ದಾಖಲೆಗೆ ಫ್ಯೂಷನ್ ಲಾಗ್ ವ್ಯೂವರ್ ಬೇಕು. ಜೊತೆಗೆ ಅಂತರ್ಜಾಲದಿಂದ ಇಳಿಸಿಕೊಂಡ ಡಿಎಲ್‌ಎಲ್‌ನ ಮೇಲೆ ವಿಂಡೋಸ್ ಹಾಕುವ ಗುರುತನ್ನು ನೋಡಿ ಫ್ರೇಮ್‌ವರ್ಕ್ ಅದನ್ನು ಲೋಡ್ ಮಾಡಲು ನಿರಾಕರಿಸುತ್ತದೆ. ಫೈಲಿನ ಪ್ರಾಪರ್ಟೀಸ್ ತೆರೆದು ಅನ್‌ಬ್ಲಾಕ್ ಎಂಬುದನ್ನು ಗುರುತಿಸಿದರೆ ಸರಿಯಾಗುತ್ತದೆ.

ಲೋಡ್ ಕಾಂಟೆಕ್ಸ್ಟ್‌ಗಳಿಂದ ಬಗೆಹರಿಯದ ಒಂದು ವಿಷಯ ಉಳಿದಿದೆ. ಡಾಟ್‌ನೆಟ್‌ನ ಅಸೆಂಬ್ಲಿಗಳನ್ನು ಪ್ರತ್ಯೇಕವಾಗಿ ಇಡಬಹುದೇ ಹೊರತು ನೇಟಿವ್ ಲೈಬ್ರರಿಗಳು ಇಡೀ ಪ್ರಕ್ರಿಯೆಗೆ ಸೇರಿದವು. ಎರಡು ಪ್ಲಗಿನ್‌ಗಳ ನೇಟಿವ್ ಲೈಬ್ರರಿಗಳು ಒಳಗೊಳಗೆ ಒಂದೇ ಹೆಸರಿನ ಮೂರನೆಯ ಲೈಬ್ರರಿಯನ್ನು ಬೇರೆ ಬೇರೆ ಆವೃತ್ತಿಯಲ್ಲಿ ಬಯಸಿದರೆ, ಮೊದಲು ಬಂದದ್ದೇ ಎರಡನೆಯದಕ್ಕೂ ಸಿಗುತ್ತದೆ. ವಿಂಡೋಸ್ ಹೆಸರು ನೋಡಿ, ಲಿನಕ್ಸ್ ಎಸ್ಒನೇಮ್ (ಲೈಬ್ರರಿಯ ಒಳಗೇ ಬರೆದ ಅದರ ಹೆಸರು) ನೋಡಿ, 'ಇದು ಈಗಾಗಲೇ ಇದೆ' ಎಂದು ಅದನ್ನೇ ಕೊಡುತ್ತದೆ. ಪ್ಲಗಿನ್‌ಗಳು ಲೋಡ್ ಆಗುವ ಕ್ರಮ ಬದಲಾದರೆ ಯಾವುದು ಕೆಲಸ ಮಾಡುತ್ತದೆ ಎಂಬುದೂ ಬದಲಾಗುತ್ತದೆ. ಇಂಥ ಜೋಡಿ ಎದುರಾದಾಗ ಒಂದನ್ನು ಪ್ರತ್ಯೇಕ ಪ್ರಕ್ರಿಯೆಯಾಗಿ ಓಡಿಸಿ, ಪೈಪ್ (ಎರಡು ಪ್ರಕ್ರಿಯೆಗಳ ನಡುವಿನ ಸಂಪರ್ಕ) ಮೂಲಕ ಅದರೊಡನೆ ಮಾತನಾಡುವುದನ್ನು ಬಿಟ್ಟು ಬೇರೆ ಭದ್ರವಾದ ದಾರಿ ನನಗೆ ಕಂಡಿಲ್ಲ. ರಸೀದಿಯ ಪ್ಲಗಿನ್ ಅನ್ನು ಈಗ ನಾವು ಹೀಗೆಯೇ ಹೊರಗಿಟ್ಟಿದ್ದೇವೆ. ಅದು ಬಿದ್ದರೂ ತೂಕದ ಲೆಕ್ಕ ನಿಲ್ಲುವುದಿಲ್ಲ, ಅದನ್ನು ಮತ್ತೆ ಎಬ್ಬಿಸಿದ ಮೇಲೆ ಬಾಕಿ ಉಳಿದ ರಸೀದಿಗಳು ಮುದ್ರಣಕ್ಕೆ ಹೋಗುತ್ತವೆ.